ಹತ್ತರಲ್ಲಿ ಎಂಟು

ಸೂಟ್‌ಕೇಸಿನ ಬೀಗ ಏನು ಮಾಡಿದರೂ ಬಿಡಲೊಲ್ಲದು. ಖೈರುನ್ನಿಸ ಅದನ್ನು ಲಟ್ಟಣಿಗೆಯಿಂದ ಬಡಿಯುತ್ತಿದ್ದಳು. ಬಾಗಿಲಲ್ಲಿ ಮಗ ಶಹೀರ್ ಮೊಬೈಲನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ. ನಿನ್ನೆ ಸಂಜೆ ನೈಫ್ ಬಜಾರಿನ ಹೊಲಿಗೆ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದ ಅವನ ಬಾಪ ಅಬೂಬಕ್ಕರ್ ಈಗ ಆಸ್ಪತ್ರೆಯ ಶವಾಗಾರದಲ್ಲಿದ್ದ. ಪಾಸ್‌ಪೋರ್ಟ್ ಕೊಡದೆ ಮಯ್ಯತ್ ಬಿಡುವುದಿಲ್ಲ ಎಂದು ಅಲ್ಲಿಯವರು ಹೇಳಿದ್ದರು.

“ಉಮ್ಮ, ಫಾಸ್ಟ್. ಝುಹರ್ ನಮಾಜಿನ ಒಳಗೆ ಪೇಪರ್ ಎಲ್ಲ ಆಗ್ಬೇಕಂತೆ.”

“ಬೀಗದ ಕೈ ಎಲ್ಲಿಟ್ಟಿದ್ದಾರೆ ಅಂತ ಅವರ ಹತ್ರವೇ ಕೇಳು ಹೋಗು,” ಎಂದು ರೇಗಿದವಳಿಗೆ ತಾನು ಏನು ಹೇಳಿದೆ ಎನ್ನುವುದು ಹೊಳೆಯಲು ಒಂದು ಕ್ಷಣ ಬೇಕಾಯಿತು. ಮಗ ಮುಖ ಆಚೆ ತಿರುಗಿಸಿದ. ಅವಳು ಮತ್ತೊಂದು ಪೆಟ್ಟು ಕೊಟ್ಟಳು, ಬೀಗ ಬಿಟ್ಟಿತು.

ಮೇಲುಗಡೆಯೇ ಪಾಸ್‌ಪೋರ್ಟ್ ಇತ್ತು. ಶಹೀರ್ ಅದನ್ನು ತೆರೆದು ನೋಡಿ ಹುಬ್ಬು ಗಂಟಿಕ್ಕಿದ. “ಡೇಟ್ ಆಫ್ ಬರ್ತ್ ಫಿಫ್ಟಿಸಿಕ್ಸ್ ಅಂತ ಉಂಟು. ಬಾಪಾಗೆ ನಲವತ್ತೊಂಬತ್ತಾ?”

“ಎಲ್ಲಿಯ ನಲವತ್ತೊಂಬತ್ತು!” ಶಾರ್ಜಾದಿಂದ ಬೆಳಿಗ್ಗೆಯೇ ಬಂದು ಮಂಚದ ಮೇಲೆ ಕುಳಿತು ಅಳುತ್ತಿದ್ದ ಅಬೂಬಕ್ಕರನ ಅಕ್ಕ ಖದೀಜ ತಲೆಯೆತ್ತಿದಳು. “ನಾನು ಐವತ್ತೆಂಟರಲ್ಲಿ ಹುಟ್ಟಿದವಳು. ಅವ ನನ್ನಿಂದ ಎರಡು ವರ್ಷಕ್ಕೆ ಚಿಕ್ಕವ. ಹದಿನೇಳಕ್ಕೆ ವೀಸಾ ಸಿಗುದಿಲ್ಲ ಅಂತ ಬೊಂಬಾಯಿಯ ಏಜೆಂಟ ವಯಸ್ಸು ಏರಿಸಿ ಬರ್ಸಿದ್ದು ಮಾರಾಯ.”

“ವಾಟೆವರ್. ಇದರಲ್ಲಿದ್ದದ್ದೇ ಬರೀತಾರೆ.” ಅವನು ಮೆಟ್ಟಿಲಿಳಿದು ಓಡಿದ. ಹೀಗೆ ಅಬೂಬಕ್ಕರ್ ಸತ್ತ ಮೇಲೂ ಸ್ವಂತ ಅಕ್ಕನಿಗಿಂತ ಎರಡು ವರ್ಷ ದೊಡ್ಡವನಾಗಿಯೇ ಉಳಿದ.

ಪಾಸ್‌ಪೋರ್ಟಿನ ಕೆಳಗೆ ದಪ್ಪನೆಯ ಹಸಿರು ಫೈಲೊಂದಿತ್ತು. ಖೈರುನ್ನಿಸ ಅದನ್ನು ಕಂಡವಳೇ ಸೂಟ್‌ಕೇಸಿನ ಮುಚ್ಚಳ ಹಾಕಲು ಹೋದಳು. ಅಷ್ಟರಲ್ಲಿ ಖದೀಜಳ ಕಣ್ಣು ಅದರ ಮೇಲೆ ಬಿದ್ದಾಗಿತ್ತು.

“ಬೆನ್ನುನೋವಿನ ಫೈಲಲ್ವಾ ಅದು? ಇನ್ನೂ ಇಟ್ಕೊಂಡಿದ್ದಾ ಪಾಪದವ?” ಅವಳು ಫೈಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ಹಾಳೆಗಳನ್ನು ಮಗುಚಿದಳು. ಇಂಗ್ಲಿಷ್ ಬಾರದಿದ್ದರೂ ಅಂಕಿ ಗುರುತಿಸಲು ಅಡ್ಡಿಯಿರಲಿಲ್ಲ. ಪ್ರತಿ ಹಾಳೆಯ ತಲೆಯಲ್ಲಿ ನೋವಿನ ಅಂಕದ ಒಂದು ಚೌಕ, ಚೌಕದೊಳಗೆ ಎಂಟು. ಏಳು ವರ್ಷದ ಹಾಳೆಗಳು, ಎಲ್ಲದರಲ್ಲೂ ಅದೇ ಎಂಟು. “ನೋಡು ಖೈರು, ಕೂದಲೆಳೆಯಷ್ಟೂ ಕಮ್ಮಿ ಆಗ್ಲಿಲ್ಲ. ಊರಲ್ಲಿ ಎಣ್ಣೆ ಹಚ್ಚಿಸಿ ಆರು ತಿಂಗಳು ಮಲಗಿಸಿದ್ರೆ ಗುಣ ಆಗ್ತಿತ್ತು. ನೀನೇ ಬಿಡ್ಲಿಲ್ಲ. ಆಸ್ಪತ್ರೆ, ಆಸ್ಪತ್ರೆ ಅಂತ ಎಳ್ಕೊಂಡು ಹೋದಿ. ನನ್ನ ತಮ್ಮ ನೋವಲ್ಲೇ ಬದುಕಿದ, ನೋವಲ್ಲೇ ಹೋದ.”

ಖದೀಜ ಕೆಟ್ಟವಳಲ್ಲ. ತಮ್ಮನನ್ನು ಕಳೆದುಕೊಂಡ ಸಂಕಟಕ್ಕೆ ಯಾರ ಮೇಲಾದರೂ ಎಗರಬೇಕಿತ್ತು, ಹತ್ತಿರದಲ್ಲಿ ಸಿಕ್ಕಿದವಳು ಖೈರುನ್ನಿಸ. ಅದು ಗೊತ್ತಿದ್ದರೂ ಮಾತು ಎದೆಗೆ ನಾಟಿತು. ಏಕೆಂದರೆ ನಿನ್ನೆ ಆಸ್ಪತ್ರೆಯಲ್ಲಿ ಗಂಡನ ಮುಖದ ಬಟ್ಟೆ ಸರಿಸಿದ ಗಳಿಗೆಯಿಂದ ಅವಳನ್ನು ಕಿತ್ತು ತಿನ್ನುತ್ತಿದ್ದದ್ದೂ ಅದೇ ಪ್ರಶ್ನೆ. ಇವರು ಎಂಟರಲ್ಲೇ ಸತ್ತರೇ?

ಅವಳಿಗೆ ಗೊತ್ತಿದ್ದದ್ದು ಬೆಳಗಿನ ಅಬೂಬಕ್ಕರ್ ಮಾತ್ರ. ಫಜರ್ ಬಾಂಗಿಗೆ ಎದ್ದು, ಮಂಚದ ಅಂಚಿನಲ್ಲಿ ಹತ್ತು ನಿಮಿಷ ಕುಳಿತು, ಯಾ ಅಲ್ಲಾ ಎಂದು ನರಳಿ, ಕೊನೆಗೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಮೂಲೆಯಲ್ಲಿದ್ದ ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೇ ನಮಾಜ್ ಮಾಡುತ್ತಿದ್ದ. ಆಮೇಲೆ ಅಲ್ ನಹ್ದಾದಿಂದ ಬಸ್ಸು ಹಿಡಿದು ಹೋದರೆ ಮಧ್ಯಾಹ್ನದ ಊಟವೂ ನೈಫ್‌ನಲ್ಲೇ. ಶುಕ್ರವಾರವೂ ಜುಮ್ಮಾ ಮುಗಿಸಿ ಅಲ್ಲಿಂದಲೇ ಅಂಗಡಿಗೆ. ಮನೆಗೆ ಬಂದವನು ಉಂಡು ಮಲಗುತ್ತಿದ್ದ. ಇತ್ತೀಚಿನ ಎರಡು ವರ್ಷದಲ್ಲಂತೂ ಬೆನ್ನು ಎಂಬ ಮಾತು ಅವನ ಬಾಯಿಂದ ಹೊರಟದ್ದೇ ಇಲ್ಲ. ಅದಕ್ಕೆ ಕಾರಣ ಯಾರೆಂದು ಖೈರುನ್ನಿಸಳಿಗೆ ಚೆನ್ನಾಗಿ ಗೊತ್ತಿತ್ತು.

*

ತೊಂಬತ್ತೈದರಲ್ಲಿ ಬಟ್ಟೆಯ ಥಾನುಗಳ ಕಟ್ಟನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಇಳಿಯುವಾಗ ಅಬೂಬಕ್ಕರನ ಕಾಲು ಜಾರಿತು. ಮೂಳೆಯೇನೂ ಮುರಿದಿರಲಿಲ್ಲ. ಆದರೆ ಬೆನ್ನು ಹಿಡಿದದ್ದು ಬಿಡಲಿಲ್ಲ. ಒಂದು ವರ್ಷ ಮುಲಾಮು, ಮಾತ್ರೆ, ಸೊಂಟಪಟ್ಟಿ ಎಲ್ಲ ಆಗಿ, ಖೈರುನ್ನಿಸಳೇ ಹಟ ಹಿಡಿದು ಅವನನ್ನು ನೋವಿಗೆಂದೇ ಇದ್ದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಅಲ್ಲಿ ಗೋಡೆಯ ಮೇಲೆ ಸಾಲಾಗಿ ಆರು ದುಂಡು ಮುಖಗಳ ಚಿತ್ರವಿತ್ತು. ಮೊದಲನೆಯದು ನಗುತ್ತಿತ್ತು, ಕೊನೆಯದು ಅಳುತ್ತಿತ್ತು. ನರ್ಸ್ ಪೆನ್ನು ಹಿಡಿದು ಹಿಂದಿಯಲ್ಲಿ ಕೇಳಿದಳು: ಸೊನ್ನೆಯಿಂದ ಹತ್ತರ ಒಳಗೆ ನಿಮ್ಮ ನೋವು ಎಷ್ಟು?

ಅರಬರು ತೊಡುವ ಉದ್ದನೆಯ ಕಂದೂರ ಹೊಲಿಯುವುದರಲ್ಲಿ ನೈಫ್‌ನಲ್ಲೇ ಹೆಸರು ಮಾಡಿದವನು ಅಬೂಬಕ್ಕರ್. ಕಾಲಿಂಚು ಆಚೀಚೆಯಾದರೂ ಬಿಚ್ಚಿ ಮತ್ತೆ ಹೊಲಿಯುವ ಆಸಾಮಿ. ಅಳತೆಯ ಮಾತು ಬಂದರೆ ಸುಮ್ಮನೆ ಬಿಡುವುದುಂಟೇ? “ಯಾವ ಹೊತ್ತಿನದು ಬೇಕು? ಬೆಳಿಗ್ಗೆಯದಾ, ಸಂಜೆಯದಾ? ಕೂತಾಗಿನದಾ, ಬಗ್ಗಿದಾಗಿನದಾ?” ಎಂದು ಶ್ರದ್ಧೆಯಿಂದ ಕೇಳಿದ.

“ಒಂದೇ ನಂಬರ್ ಹೇಳಿ. ಇಲ್ಲಿ ಒಂದೇ ಚೌಕ ಇರೋದು.”

ಅವನು ಹೆಂಡತಿಯ ಮುಖ ನೋಡಿದ. ನಿಜಕ್ಕೂ ಆ ದಿನ ನೋವು ಜೋರಾಗಿಯೇ ಇತ್ತು. “ಹಾಗಾದರೆ ಎಂಟು,” ಎಂದ. ನರ್ಸ್ ಬರೆದುಕೊಂಡಳು, ಕಂಪ್ಯೂಟರಿಗೂ ಹೊಡೆದಳು. ಅಬೂಬಕ್ಕರ್ ಆ ಪರದೆಯನ್ನೇ ಬಹಳ ಹೊತ್ತು ನೋಡುತ್ತ ನಿಂತದ್ದು ಖೈರುನ್ನಿಸಳಿಗೆ ನೆನಪಿದೆ. ಕಂಪ್ಯೂಟರ್ ಎಂದರೆ ಅವನಿಗೆ ಕುತೂಹಲ ಎಂದು ಅವಳು ಅಂದುಕೊಂಡಿದ್ದಳು.

*

ಝುಹರ್ ಆಗುವ ಹೊತ್ತಿಗೆ ಗಂಡಸರೆಲ್ಲ ಅಲ್ ಕೂಜ್‌ನ ಖಬರಸ್ಥಾನಕ್ಕೆ ಹೊರಟುಹೋಗಿದ್ದರು. ಕೋಣೆಯಲ್ಲಿ ನಾಲ್ಕೈದು ಹೆಂಗಸರು ಸತ್ತವನಿಗಾಗಿ ಯಾಸೀನ್ ಓದುತ್ತಿದ್ದರು. ಆಗ ಬಂದವಳು ಜೋಸ್ಫಿನ್. ಬೆಳ್ಮಣ್ ಕಡೆಯ ಹೆಂಗಸು, ಆ ಕ್ಲಿನಿಕ್ಕಿನಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ. ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಓಡಿ ಬಂದಿದ್ದಳು. ಖೈರುನ್ನಿಸಳ ಕೈ ಹಿಡಿದು ಪಕ್ಕದಲ್ಲಿ ಕುಳಿತಳು.

“ನೋಡಿ, ನಿಮ್ಮ ಫೈಲು,” ಖದೀಜ ಚುಚ್ಚಿದಳು. “ಏಳು ವರ್ಷ ಎಂಟೇ ಎಂಟು. ನೀವೆಲ್ಲ ಅಲ್ಲಿ ಎಂತ ಮಾಡ್ತಿದ್ದದ್ದು?”

ಜೋಸ್ಫಿನ್ ಫೈಲನ್ನು ನೋಡಿ ಬೆರಗಾದಳು. “ಇದು ಇಲ್ಲಿ ಉಂಟಾ? ಪ್ರೋಗ್ರಾಂ ಖಲಾಸ್ ಆದಾಗ ಕಸಕ್ಕೆ ಹಾಕ್ತಾರೆ ಅಂತ ನಾನೇ ಅವರ ಕೈಗೆ ಕೊಟ್ಟದ್ದು.” ಅವಳು ಹಾಳೆಗಳನ್ನು ಬೋರಲು ಹಾಕಿದಳು. ಬೆನ್ನ ಮೇಲೆಲ್ಲ ಪೆನ್ಸಿಲಿನ ಸಣ್ಣ ಅಕ್ಷರ. “ಎದುರುಗಡೆ ನೋಡಿದ್ರೆ ಎಂಟೇ. ಉಳಿದದ್ದನ್ನು ಬರೀಲಿಕ್ಕೆ ಆ ಫಾರ್ಮಿನಲ್ಲಿ ಜಾಗವೇ ಇಲ್ಲ ಖೈರುನ್ನಿಸಕ್ಕ. ಅದಕ್ಕೆ ನಾನು ಹಿಂದೆ ಬರೀತಿದ್ದೆ.”

“ಎಂತ ಬರ್ದಿದ್ದೀರಿ? ಓದಿ.”

ಜೋಸ್ಫಿನ್ ಕನ್ನಡಕ ಏರಿಸಿಕೊಂಡು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದಳು. “ತೊಂಬತ್ತೇಳು, ಜೂನ್. ಶೂ ಲೇಸು ತಾವೇ ಕಟ್ಟಿದ್ರು. ನವೆಂಬರ್. ಕಟಿಂಗ್ ಟೇಬಲಿನ ಎದುರು ನಲವತ್ತು ನಿಮಿಷ ನಿಂತ್ರು, ಮೊದಲು ಹತ್ತು ಇತ್ತು. ಇದು ತೊಂಬತ್ತೊಂಬತ್ತು. ಮಗನನ್ನು ಕಡಲಿಗೆ ಕರ್ಕೊಂಡು ಹೋದ್ರಂತೆ. ಮರಳಲ್ಲಿ ಕೂತು, ಯಾರ ಕೈಯೂ ಹಿಡಿಯದೆ ಎದ್ರಂತೆ.”

ಖೈರುನ್ನಿಸಳಿಗೆ ಆ ದಿನ ಕಣ್ಣಿಗೆ ಕಟ್ಟಿತು. ಜುಮೈರಾದ ಮರಳು, ಡಬ್ಬಿಯಲ್ಲಿ ಹುರಿದ ಬಂಗುಡೆ. ಅವಳೂ ಅಲ್ಲೇ ಇದ್ದಳು. ಮೀನಿಗೆ ಮರಳು ಬೀಳದಂತೆ ಡಬ್ಬಿ ಮುಚ್ಚುವುದರಲ್ಲಿ ಮುಳುಗಿದ್ದಳು. ಗಂಡ ಎದ್ದದ್ದನ್ನು ನೋಡಿರಲಿಲ್ಲ.

“ಎರಡು ಸಾವಿರದ ಒಂದು,” ಜೋಸ್ಫಿನಳ ಸ್ವರ ತಗ್ಗಿತು. “ಚಾಪೆಯ ಮೇಲೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದ್ರು. ಆರು ವರ್ಷದ ಮೇಲೆ ಮೊದಲ ಸಲ. ಅತ್ರು. ನೋವು ಎಷ್ಟು ಅಂತ ಕೇಳಿದೆ. ಎಂಟು ಅಂದ್ರು.”

ಯಾಸೀನ್ ಓದುತ್ತಿದ್ದವರೂ ನಿಲ್ಲಿಸಿದರು. ಖೈರುನ್ನಿಸಳಿಗೆ ಸಮಾಧಾನವಾಗಬೇಕಿತ್ತು. ಆದರೆ ಮೈಯೆಲ್ಲ ಉರಿದುಹೋಯಿತು. “ಮತ್ತೆ ಇದನ್ನು ಆ ಡಾಕ್ಟರಿಗೆ ಯಾಕೆ ತೋರಿಸ್ಲಿಲ್ಲ? ನನಗೆ ಯಾಕೆ ಒಂದು ಮಾತು ಹೇಳ್ಲಿಲ್ಲ?”

“ಡಾಕ್ಟರಿಗೆ ಹೇಳಿದೆ. ‘ಸ್ಕೋರ್ ಹೇಳಿ ಸಿಸ್ಟರ್, ಕತೆ ಬೇಡ’ ಅಂದ್ರು. ನಿಮಗೆ ನಿಮ್ಮ ಗಂಡನೇ ಹೇಳಿರ್ತಾರೆ ಅಂದ್ಕೊಂಡೆ.”

“ಇದರ ಆಮೇಲೆ? ಕಡೆಯ ಎರಡು ವರ್ಷ?”

“ಎರಡು ಸಾವಿರದ ಮೂರು ಮಾರ್ಚಿಗೆ ನಿಂತಿತಲ್ಲ ಅಕ್ಕ. ಆಮೇಲಿನದು ನನಗೆ ಹೇಗೆ ಗೊತ್ತು?” ಜೋಸ್ಫಿನ್ ಸಹಜವಾಗಿಯೇ ಹೇಳಿದಳು. “ಮನೆಯಲ್ಲಿದ್ದ ನಿಮಗೇ ಗೊತ್ತಿರ್ಬೇಕು.”

ಖೈರುನ್ನಿಸ ಹಾಳೆಗಳನ್ನು ಒಟ್ಟು ಮಾಡಿ ಫೈಲಿನೊಳಗೆ ತುರುಕಿದಳು.

*

ಆ ಮಾರ್ಚಿನಲ್ಲಿ ಕ್ಲಿನಿಕ್ಕಿನ ಲಿಫ್ಟು ಕೆಟ್ಟಿತ್ತು. ಮೂರು ಮಹಡಿ. ಖೈರುನ್ನಿಸ ಏದುಸಿರು ಬಿಡುತ್ತ ಎರಡು ಕಡೆ ನಿಂತಳು. ಅಬೂಬಕ್ಕರ್ ಅವಳ ಕೈಯಿಂದ ಚೀಲ ಇಸಿದುಕೊಂಡು ಮುಂದೆ ಹತ್ತಿದ. ಇದೆಲ್ಲ ಅವಳಿಗೆ ಈಗ ನೆನಪಾಗುತ್ತಿದೆ. ಆಗ ಕಣ್ಣೆದುರೇ ನಡೆದದ್ದು ತಲೆಗೆ ಹೋಗಿರಲಿಲ್ಲ.

ಡಾಕ್ಟರ್ ಹೊಸಬ. ಕಂಪ್ಯೂಟರ್ ನೋಡುತ್ತಲೇ ಹೇಳಿದ: “ಆರು ತಿಂಗಳಿಗೊಮ್ಮೆ ಎರಡು ಅಂಕ ಇಳಿಯಬೇಕು, ಅದು ಇಲ್ಲಿಯ ಹೊಸ ನಿಯಮ. ನಿಮ್ಮದು ಏಳು ವರ್ಷದಿಂದ ಎಂಟರಲ್ಲೇ ಇದೆ. ಇವತ್ತು ಎಷ್ಟು?”

ಖೈರುನ್ನಿಸ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. ಆರು ಎನ್ನಲಿ, ಏಳಾದರೂ ಎನ್ನಲಿ. ಜೋಸ್ಫಿನಳ ಕೋಣೆಗೆ ಹೋಗುವ ಮಂಗಳವಾರ ಅವನು ಬೇರೆಯೇ ಹುಮ್ಮಸ್ಸಿನಲ್ಲಿ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದ, ಅಷ್ಟು ಅವಳಿಗೂ ಗೊತ್ತಿತ್ತು. ಅಬೂಬಕ್ಕರ್ ಬೆವರಿದ. ಕಂಪ್ಯೂಟರಿನ ಬೆನ್ನನ್ನೊಮ್ಮೆ ನೋಡಿದ.

“ಎಂಟು,” ಎಂದ.

“ಹಾಗಾದರೆ ಚಿಕಿತ್ಸೆಯಿಂದ ಪ್ರಯೋಜನ ಆಗಿಲ್ಲ,” ಎಂದು ಡಾಕ್ಟರ್ ಬರೆದು ಮುಗಿಸಿದ. ಎರಡು ನಿಮಿಷದ ಕೆಲಸ.

ಬಸ್ಸಿನಲ್ಲಿ ಖೈರುನ್ನಿಸ ಜನ ನೋಡುತ್ತಾರೆ ಎಂಬುದನ್ನೂ ಮರೆತು ಜಗಳವಾಡಿದಳು. ಏಳು ವರ್ಷ ಮನೆ, ಮಗು ಬಿಟ್ಟು ಹಿಂದೆ ಹಿಂದೆ ಓಡಾಡಿದ್ದಾಳೆ. ಈ ಮನುಷ್ಯನ ಬಾಯಲ್ಲಿ ಏಳು ಎಂಬ ಎರಡಕ್ಷರ ಹೊರಡುವುದಿಲ್ಲವೇ? ನಿಜವಾಗಿಯೂ ಎಂಟೇ ಇದ್ದರೆ ಇಷ್ಟು ವರ್ಷದ ಓಡಾಟ ಯಾರ ಸುಖಕ್ಕೆ?

“ನಿಮಗೆ ಅಲ್ಲಿ ಹೇಳ್ಲಿಕ್ಕೆ ಬಾಯಿಲ್ಲ ಅಲ್ವಾ? ಹಾಗಾದ್ರೆ ಇನ್ನು ನಿಮ್ಮ ಬೆನ್ನಿನ ಸುದ್ದಿ ನನ್ನ ಹತ್ರವೂ ಎತ್ಬೇಡಿ. ಜಾಸ್ತಿಯಾಯ್ತು ಅಂತಲೂ ಬೇಡ, ಕಮ್ಮಿಯಾಯ್ತು ಅಂತಲೂ ಬೇಡ.”

“ಆಯ್ತು,” ಎಂದ ಅಬೂಬಕ್ಕರ್. ಒಮ್ಮೆ ಒಪ್ಪಿದ ಅಳತೆಯನ್ನು ಮೀರುವ ಜಾಯಮಾನ ಅವನದಲ್ಲ. ಎರಡು ವರ್ಷ ಆ ಮಾತನ್ನು ಉಳಿಸಿಕೊಂಡ.

*

ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಗಂಡಸರು ಹಿಂದಿರುಗಿದರು. ಖಬರಸ್ಥಾನದ ಮಣ್ಣು ಮೆತ್ತಿದ ಚಪ್ಪಲಿಗಳು ಬಾಗಿಲ ಹೊರಗೆ ಸಾಲಾದವು. ಗಂಡ ಸತ್ತು ಇದ್ದತ್ ಕುಳಿತ ಹೆಂಗಸು ಪರಗಂಡಸರ ಎದುರು ಹೋಗುವಂತಿಲ್ಲ. ಹಾಲಿಗೂ ಕೋಣೆಗೂ ನಡುವೆ ಒಂದು ಬೆಡ್‌ಶೀಟ್ ಇಳಿಬಿಟ್ಟಿದ್ದರು. ಅದರ ಆಚೆಯಿಂದ ಯಾರೋ ಗಂಟಲು ಸರಿಪಡಿಸಿಕೊಂಡರು.

“ಅಕ್ಕ, ನಾನು ಶ್ರೀನಿವಾಸಮೂರ್ತಿ.”

ಗೊತ್ತಿದ್ದ ಸ್ವರವೇ. ಮೈಸೂರಿನ ಶ್ರೀನಿವಾಸಮೂರ್ತಿ ಗಂಡನ ಅಂಗಡಿಯ ಪಕ್ಕದ ಟೈಪಿಂಗ್ ಸೆಂಟರಿನವರು. ವೀಸಾ, ಲೇಬರ್ ಕಾರ್ಡ್, ಮದುವೆ, ಮರಣ, ಯಾರ ಯಾವ ಅರ್ಜಿಯಿದ್ದರೂ ಟೈಪ್ ಮಾಡಿಕೊಡುವವರು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಟಿಫಿನ್ ಬಿಚ್ಚಿ ಉಂಡಿದ್ದರು, ಮೀನಿನ ಡಬ್ಬಿಯೊಂದನ್ನು ಬಿಟ್ಟು.

“ನಾನೂ ಮೂರು ಹಿಡಿ ಮಣ್ಣು ಹಾಕ್ದೆ ಅಕ್ಕ. ಅವರ ಪೇಪರ್‌ನೂ ನಾನೇ ಟೈಪ್ ಮಾಡ್ದೆ. ಇವತ್ತೂ ಐವತ್ತಾರು ಅಂತಾನೇ ಹೊಡೆದೆ.” ಅವರು ಆಚೆ ನೆಲದ ಮೇಲೆ ಕುಳಿತ ಸದ್ದಾಯಿತು. “ಒಳಗೆ ಆ ಎಂಟರ ಮಾತು ನಡೀತಿದೆ ಅಂತ ಈಗಷ್ಟೇ ಒಳಗೆ ಬಂದು ಹೋದ ಶಹೀರ್ ಹೇಳ್ದ. ಅದು ನನ್ನ ತಪ್ಪು ಅಕ್ಕ.”

ಖೈರುನ್ನಿಸ ಬೆಡ್‌ಶೀಟಿನ ಹತ್ತಿರಕ್ಕೆ ಸರಿದಳು.

“ಎಂಬತ್ತೆಂಟರಲ್ಲಿ ಸಾಹೇಬ್ರು ಪಾಸ್‌ಪೋರ್ಟಿನ ಹುಟ್ಟಿದ ತಾರೀಖು ಸರಿ ಮಾಡ್ಸೋಣ ಅಂತ ಹೋದ್ರು. ಕೌಂಟರಿನವನು, ‘ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?’ ಅಂತ ಅರ್ಧ ದಿನ ನಿಲ್ಲಿಸಿ ನೀರಿಳಿಸ್ಬಿಟ್ಟ. ನಡುಗಿಕೊಂಡು ವಾಪಸ್ ಬಂದ್ರು. ನಾನೇ ಬುದ್ಧಿ ಹೇಳ್ದೆ. ಸಾಹೇಬ್ರೇ, ಈ ದೇಶದಲ್ಲಿ ಒಂದ್ಸಲ ಕಂಪ್ಯೂಟರಿಗೆ ಹೋದ್ಮೇಲೆ ಮುಗೀತು. ಯಾವ ಕೌಂಟರಲ್ಲಿ ಎಷ್ಟು ಸಲ ಕೇಳಿದ್ರೂ ಮೊದಲು ಹೇಳಿದ್ದನ್ನೇ ಹೇಳಿ, ಬದಲಾಯಿಸ್ಬೇಡಿ. ಎಲ್ಲರಿಗೂ ಹಾಗೇ ಹೇಳ್ತೀನಿ ನಾನು.”

“ಅದು ಆಸ್ಪತ್ರೆ ಮೂರ್ತಿಯವರೇ! ನೋವು ಕೇಳಿದ್ದು, ವೀಸಾ ಕೇಳಿದ್ದಲ್ಲ!” ಖೈರುನ್ನಿಸಳ ಕೂಗು ಹಾಲಿನವರೆಗೂ ಕೇಳಿತು. ಹೆಂಗಸರು ಅವಳ ತೋಳು ಹಿಡಿದರು. ಅವಳು ಕೊಡವಿಕೊಂಡಳು.

“ಗೊತ್ತಕ್ಕ. ಆ ಫೈಲು ಮುಚ್ಚಿದ ದಿನ ಅಂಗಡಿಗೆ ಬಂದು ಹೇಳ್ಕೊಂಡ್ರು. ನಾನೂ ಹೀಗೇ ಬೈದೆ. ಹೋಗಿ ನಿಜ ಹೇಳಿ ಅಂದೆ. ‘ಏಳು ವರ್ಷ ಬರೆದದ್ದು ಸುಳ್ಳಾ ಅಂತ ಕೇಳಿದ್ರೆ ಎಂತ ಹೇಳ್ಲಿ? ಆ ಜೋಸ್ಫಿನಮ್ಮನ ಕೆಲಸಕ್ಕೇ ಕುತ್ತು ಬಂದ್ರೆ?’ ಅಂದ್ರು.”

ಜೋಸ್ಫಿನ್ ಬಾಯಿಗೆ ಕೈ ಹಿಡಿದುಕೊಂಡಳು. ಖೈರುನ್ನಿಸಳಿಗೆ ಗಂಡನ ಮೇಲೆ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಎದುರಿಗಿದ್ದಿದ್ದರೆ ಹಿಡಿದು ಅಲುಗಿಸಿಬಿಡುತ್ತಿದ್ದಳು. ಎದುರಿಗೆ ಬೆಡ್‌ಶೀಟ್ ಮಾತ್ರ ಇತ್ತು.

“ಹಾಗಾದ್ರೆ ನಿಜ ಎಷ್ಟಿತ್ತು?” ಅವಳು ಕೇಳಿದಳು. “ಈಗ, ಮೊನ್ನೆ ಮೊನ್ನೆ? ನನ್ನ ಹತ್ರ ಹೇಳ್ಬಾರದು ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ನಿಮ್ಮ ಹತ್ರ ಹೇಳಿರ್ಬೇಕಲ್ಲ. ಹೇಳಿ, ಎಷ್ಟಿತ್ತು?”

“ನಂಬರ್ ಹೇಳ್ಲಿಲ್ಲ ಅಕ್ಕ. ನಾನೂ ಕೇಳ್ಲಿಲ್ಲ.” ಬೆಡ್‌ಶೀಟಿನ ಕೆಳಗಿನಿಂದ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಒಳಗೆ ಸರಿಯಿತು. “ಅಂಗಡಿಯಲ್ಲಿದ್ದ ಅವರ ಸಾಮಾನು. ನಿನ್ನೆ ಹೇಗಿತ್ತೋ ಹಾಗೇ ತುಂಬಿಸಿಕೊಂಡು ಬಂದೆ. ಬರ್ತೀನಿ ಅಕ್ಕ.”

ಖದೀಜ ಚೀಲ ಬಿಚ್ಚಿದಳು. ಅಳತೆಯ ಟೇಪು, ದೊಡ್ಡ ಕತ್ತರಿ, ಬೆರಳಟೋಪಿ, ಅರ್ಧ ಉಳಿದ ಬಾಮಿನ ಡಬ್ಬಿ. ಎಲ್ಲದರ ಕೆಳಗೆ ಮಡಚಿಟ್ಟ ಮುಸಲ್ಲ. ನಮಾಜಿನ ಹಸಿರು ಮಖಮಲ್ಲಿನ ಹಾಸು. ಮನೆಯಲ್ಲಿ ಖೈರುನ್ನಿಸ ಇದನ್ನು ಕಂಡೇ ಇರಲಿಲ್ಲ. ಮನೆಯಲ್ಲಿದ್ದದ್ದು ಆ ಕುರ್ಚಿ.

ಅವಳು ಅದನ್ನು ನೆಲದ ಮೇಲೆ ಬಿಡಿಸಿದಳು. ಪಾದ ಇಡುವ ಕಡೆ ಮಖಮಲ್ಲು ಮಾಸಿತ್ತು. ಅದರ ಮುಂದೆ, ಮಂಡಿಯೂರುವ ಜಾಗದಲ್ಲಿ, ಒಂದು ಗೇಣು ಅಂತರದಲ್ಲಿ ಎರಡು ತೇಪೆಗಳು. ಕಂದೂರದ ಬಿಳಿ ಬಟ್ಟೆ. ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ, ಅಷ್ಟು ಸಣ್ಣ, ಅಷ್ಟು ಸಮ. ಆ ತೇಪೆಗಳೂ ಸವೆದು ಹರಿದಿದ್ದವು. ಅವುಗಳ ಮೇಲೆ ಬೂದು ಬಟ್ಟೆಯ ಇನ್ನೆರಡು ತೇಪೆ ಬಿದ್ದಿದ್ದವು. ಅವೂ ನೂಲು ನೂಲಾಗಿದ್ದವು. ಖೈರುನ್ನಿಸ ಒಂದೊಂದೇ ಪದರವನ್ನು ಬೆರಳಿನಿಂದ ಎತ್ತಿ ನೋಡಿದಳು. ಜೋಸ್ಫಿನ್ ಬಗ್ಗಿ ನೋಡಿದಳು. ಖದೀಜ ಅಳು ನಿಲ್ಲಿಸಿ ನೋಡಿದಳು.

“ಕೈ ಜೋಪಾನ ಖೈರು,” ಖದೀಜ ಮೆಲ್ಲನೆ ಹೇಳಿದಳು.

ಬಲಮಂಡಿಯ ಕಡೆ ಮೂರನೆಯದೊಂದು ಹೊಸ ತೇಪೆಯಿತ್ತು, ನೀಲಿಯದು. ಮೂರು ಬದಿ ಹೊಲಿದಾಗಿತ್ತು. ನಾಲ್ಕನೆಯ ಬದಿಯ ನಡುವೆ ಸೂಜಿ ಚುಚ್ಚಿದ್ದು ಚುಚ್ಚಿದ ಹಾಗೇ ಇತ್ತು, ಅದರ ಕಣ್ಣಲ್ಲಿ ಇನ್ನೂ ಮೊಳದಷ್ಟು ನೂಲು ಉಳಿದಿತ್ತು.